ಓದದೆ ಬಿಟ್ಟ ಸಾಲು

ಕಂಪ್ಯೂಟರಿನ ಬಾಯಿ ಕಟ್ಟಿದವನು ಯೋಗಾನಂದನೇ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೈ ತೊಳೆದು ಬಂದವನು, ಪರದೆ ಓದಿ ಹೇಳುವ ಹೊಸ ದನಿಯನ್ನು ಯಂತ್ರದಿಂದ ಬೇರುಸಹಿತ ಕಿತ್ತುಹಾಕುವ ಆಜ್ಞೆಯನ್ನು ಟೈಪು ಮಾಡಿ, ಹಿಂದೆ ಮುಂದೆ ನೋಡದೆ ಎಂಟರ್ ಒತ್ತಿಬಿಟ್ಟ. ಹಳೆಯ ದನಿ ಇನ್ನೂ ಕೂತಿರಲಿಲ್ಲ, ಅದನ್ನು ಕೂರಿಸುವುದು ಆಮೇಲಿನ ಕೆಲಸ. ಹೊಸದು ಅರ್ಧ ವಾಕ್ಯ ಹೇಳಿ ನಡುವೆಯೇ ನಿಂತಿತು. ಆಮೇಲೆ ಉಳಿದದ್ದು ಫ್ಯಾನಿನ ಸದ್ದು, ಕೆಳಗಿನ ಅಂಗಡಿಯಲ್ಲಿ ಲಾಲ್ ಸಾಬರ ಹೊಲಿಗೆ ಯಂತ್ರದ ಸದ್ದು, ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಬಸ್ಸು ಗೇರು ಬದಲಿಸುವ ಸದ್ದು. ಅವನು ಒತ್ತಿದ ಕೀಲಿಗಳನ್ನೆಲ್ಲ ಕಂಪ್ಯೂಟರು ನುಂಗಿಕೊಂಡು ಸುಮ್ಮನಿತ್ತು. ಹನ್ನೊಂದು ವರ್ಷ ಕಂಪ್ಯೂಟರಿನ ಮುಂದೆ ಕೂತ ಮನುಷ್ಯ ಮಾಡುವ ತಪ್ಪಲ್ಲ ಇದು. ಕಣ್ಣಿದ್ದವರಿಗಾದರೆ ಇದು ತಪ್ಪೇ ಅಲ್ಲ, ಪರದೆ ನೋಡಿ ಮುಂದುವರಿಯುತ್ತಾರೆ. ಹತ್ತೊಂಬತ್ತನೆಯ ವಯಸ್ಸಿಗೆ ಪೂರ್ತಿ ಕಣ್ಣು ಹೋದವನಿಗೆ ಪರದೆಯೆಂದರೆ ಅದರ ಮೇಲಿರುವುದನ್ನು ಓದಿ ಹೇಳುವ ದನಿ ಅಷ್ಟೆ. ದನಿ ಯಾಕೆ ಬರುತ್ತಿಲ್ಲವೆಂದು ಪರದೆಯ ಮೇಲೆ ಬರೆದಿರುತ್ತದೆ, ಅದನ್ನು ಓದುವುದಕ್ಕೆ ದನಿ ಬೇಕು. ತಾನಾಗಿಯೇ ಹೋಗಿ ಇದರೊಳಗೆ ಸಿಕ್ಕಿಕೊಂಡೆನಲ್ಲ ಎಂದು ಅವನಿಗೆ ನಗುವೂ ಬಂತು, ಬೆನ್ನಿನಲ್ಲಿ ಬೆವರೂ ಬಂತು.

ಹಳೆಯ ದನಿಯನ್ನು ಮಾಡಿದವರು ಇದೇ ಊರಿನ ಒಂದು ಕಾಲೇಜಿನ ನಾಲ್ಕೈದು ವಿದ್ಯಾರ್ಥಿಗಳು. ಮಾಡಿ, ಪುಕ್ಕಟೆ ಹಂಚಿ, ಪಾಸಾಗಿ, ದಿಕ್ಕಿಗೊಬ್ಬರಂತೆ ಹೋದರು. ಅವರು ಬರೆದ ಮೂಲ ಪ್ರೋಗ್ರಾಮು ಒಂದು ಸಿ.ಡಿ.ಯಲ್ಲಿ ಉಳಿದಿತ್ತು. ಮೂಗಿನಿಂದ ಮಾತಾಡುವ ಗಂಡಸಿನ ದನಿ, ಕೇಳಲು ಏನೇನೂ ಚೆನ್ನಾಗಿರಲಿಲ್ಲ. ಆದರೆ ಎಷ್ಟು ವೇಗ ಕೊಟ್ಟರೂ ಮಾತು ಕಲಸಿಹೋಗುತ್ತಿರಲಿಲ್ಲ. ಯೋಗಾನಂದ ಅದನ್ನು ಓಡಿಸುವ ವೇಗದಲ್ಲಿ ಬೇರೆಯವರಿಗೆ ಅದು ಮಾತೆಂದೇ ಗೊತ್ತಾಗುತ್ತಿರಲಿಲ್ಲ, ಸಾಸಿವೆ ಸಿಡಿದ ಹಾಗಿದೆ ಎನ್ನುತ್ತಿದ್ದಳು ಅವನ ಹೆಂಡತಿ ವನಿತಾ. ಮನೆಯ ನಡುವೆ ಕೂತು, ಹೆಂಡತಿ ಮಗಳು ಓಡಾಡುತ್ತಿರುವಾಗಲೇ ಅವನು ಏನು ಬೇಕಾದರೂ ಓದಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹೋದ ತಿಂಗಳು ಹಳೆಯ ಕಂಪ್ಯೂಟರು ಸುಟ್ಟುಹೋಗಿ ಹೊಸದು ಬಂತು. ಅದರ ಜೊತೆ ಬಂದ ದನಿ ಹೆಣ್ಣಿನದು, ಬ್ಯಾಂಕಿನ ಫೋನಿನಲ್ಲಿ ಕಾಯಲು ಹೇಳುತ್ತದಲ್ಲ ಅಂಥದ್ದು. ವೇಗ ಹೆಚ್ಚಿಸಿದರೆ ಗಂಟಾಗುತ್ತಿತ್ತು, ಇಳಿಸಿದರೆ ಅಡುಗೆಮನೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಇಯರ್‌ಫೋನು ಹಾಕಿಕೊಳ್ಳಬಹುದಿತ್ತು. ಕಿವಿ ಮುಚ್ಚಿಕೊಂಡರೆ ಅವನ ಪಾಲಿಗೆ ಮನೆಯೇ ಇಲ್ಲ. ಅದರಲ್ಲೂ ಈ ವಾರ, ಮಗಳ ಒಂದೊಂದು ಹೆಜ್ಜೆಗೂ ಕಿವಿಗೊಟ್ಟು ಕೂತಿರುವಾಗ, ಅದು ಆಗುವ ಮಾತಾಗಿರಲಿಲ್ಲ.

ಗುರುವಾರ ಸಂಜೆ ಕರೆಂಟು ಹೋಗಿತ್ತು. ಶಿಲ್ಪಳಿಗೆ ಹನ್ನೊಂದು ವರ್ಷ, ನಡೆಯುವುದು ಗೊತ್ತೇ ಇಲ್ಲ, ಓಟವೇ. ರೂಮಿನಿಂದ ಅಡುಗೆಮನೆಗೆ ಓಡಿಬರುತ್ತಿದ್ದವಳು ನಡುವೆ ಗಕ್ಕನೆ ನಿಂತಳು. ಆಮೇಲೆ ಅಂಗೈ ಗೋಡೆಯನ್ನು ಸವರುತ್ತ ಬರುವ ಸದ್ದು. ಯಲಹಂಕದ ಹಳೇ ಮನೆಯಲ್ಲಿ, ಹತ್ತನೆಯ ವಯಸ್ಸಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ಯೋಗಾನಂದ ತಾನೇ ಮಾಡುತ್ತಿದ್ದ ಸದ್ದು ಅದು. ಕತ್ತಲೆಯಲ್ಲಿ ಯಾರಾದರೂ ತಡಕಾಡುತ್ತಾರೆ ಎಂದುಕೊಂಡ. ಆರೂವರೆಗೆ ಅಂಥ ಕತ್ತಲೆ ಎಲ್ಲಿಂದ ಬರಬೇಕು, ವನಿತಾ ಸಲೀಸಾಗಿ ಹೋಗಿ ಮೇಣದಬತ್ತಿ ತಂದಳಲ್ಲ ಎಂದು ತನಗೆ ತಾನೇ ಎದುರುತ್ತರವನ್ನೂ ಕೊಟ್ಟುಕೊಂಡ. ಅವನು ಮಗಳನ್ನು ಕದ್ದು ಪರೀಕ್ಷೆ ಮಾಡುವುದು ಹೊಸದೇನಲ್ಲ. ಬಸ್‌ಸ್ಟಾಪಿನಲ್ಲಿ ನಿಂತಾಗ, ದೂರದ ಬಸ್ಸಿನ ನಂಬರು ಎಷ್ಟು ಪುಟ್ಟ ಎಂದು ಕೇಳುತ್ತಿದ್ದ. ಬೇಕೆಂದೇ ಚಿಲ್ಲರೆ ಕಾಸು ಕೆಳಗೆ ಬೀಳಿಸಿ, ಎತ್ತಿಕೊಡಲು ಅವಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಇಷ್ಟು ವರ್ಷ ಅವಳು ಎಲ್ಲದರಲ್ಲೂ ಪಾಸಾಗುತ್ತ ಬಂದಿದ್ದಳು. ಗುರುವಾರದಿಂದ ಅವನಿಗೆ ಅನ್ನ ಸೇರುತ್ತಿಲ್ಲ. ತನ್ನ ಕಣ್ಣು ಕಸಿದ ಈ ಕಾಯಿಲೆ ಎಷ್ಟನೆಯ ವಯಸ್ಸಿಗೆ ಶುರುವಾಗುತ್ತದೆ, ಹೆಣ್ಣುಮಕ್ಕಳಿಗೆ ಬರುತ್ತದೆಯೆ, ತಡೆಯಲು ಈಗ ಏನಾದರೂ ಬಂದಿದೆಯೆ ಎಂಬುದನ್ನೆಲ್ಲ ಓದಬೇಕಿತ್ತು, ವನಿತಾಗೆ ಕೇಳದ ಹಾಗೆ ಓದಬೇಕಿತ್ತು. ಯಾಕೆಂದರೆ ಇದು ಮಕ್ಕಳಿಗೂ ಬರಬಹುದೆಂದು ವನಿತಾಗೆ ಹನ್ನೆರಡು ವರ್ಷದ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಅವನಿಂದ ಮುಚ್ಚಿಟ್ಟಿದ್ದಳು. ಮುಚ್ಚಿಟ್ಟದ್ದು ತನಗೆ ತಿಳಿದಿದೆಯೆಂದು ಅವನು ಈವರೆಗೆ ಬಾಯಿ ಬಿಟ್ಟಿರಲಿಲ್ಲ.

ಜಯಂತನಿಗೆ ಫೋನು ಮಾಡಿದ. ಯೋಗಾನಂದ ಟೆಲಿಫೋನ್ ಆಪರೇಟರಾಗಿರುವ ಕಚೇರಿಯಲ್ಲೇ ಜಯಂತ್ ಗುಮಾಸ್ತ. ಮೊದಲ ಕಂಪ್ಯೂಟರಿಗೆ ಆ ಹಳೆಯ ದನಿಯನ್ನು ಕೂರಿಸಿಕೊಟ್ಟವನೂ ಅವನೇ.

"ಆ ಹಳೇದನ್ನ ಬಿಟ್ಬಿಡು ಗುರು ಅಂತ ಎಷ್ಟ್ ಸಲ ಹೇಳಿದೀನಿ," ಎಂದ ಜಯಂತ್. ಹಿಂದುಗಡೆ ತಟ್ಟೆ ಲೋಟಗಳ ಗಲಾಟೆ. "ಹನ್ನೊಂದ್ ವರ್ಷದ್ ಹಿಂದೆ ಬರ್ದಿದ್ದು. ಇವತ್ತಿನ್ ಕಂಪೈಲರ್ ಅದನ್ನ ಮೂಸೂ ನೋಡಲ್ಲ. ನಾನ್ ನಾಮಕರಣಕ್ಕೆ ಅಂತ ಮೈಸೂರಿಗೆ ಬಂದಿದೀನಿ. ನಾಳೆ ಬರ್ತೀನಿ ತಡಿ."

"ನಾಳೆ ತನಕ ಆಗಲ್ಲ ಕಣೋ."

"ಅಂಥದ್ದೇನ್ ಅರ್ಜೆಂಟು?"

"ಏನಿಲ್ಲ."

"ಹಂಗಿದ್ರೆ ವನಿತಾ ಅವ್ರ ಹತ್ರ ಓದ್ಸು. ಎರರ್ ಬಂದ್ ಬಂದಂಗೆ ಅವ್ರು ಓದ್ಲಿ, ನೀನ್ ಸರಿ ಮಾಡ್ತಾ ಹೋಗು. ಅದಕ್ಕೇನು?"

ಅದಕ್ಕೇನು ಎಂದು ಜಯಂತ್ ಸುಲಭವಾಗಿ ಹೇಳಿದ. ಫೋನಿಟ್ಟ ಮೇಲೆ ಯೋಗಾನಂದ ಬಹಳ ಹೊತ್ತು ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತ. ಹನ್ನೊಂದು ವರ್ಷದಿಂದ ಅವನು ವನಿತಾಳ ಹತ್ತಿರ ಒಂದು ಸಾಲು ಓದಿಸಿರಲಿಲ್ಲ. ಕರೆಂಟು ಬಿಲ್ಲನ್ನು ಲಾಲ್ ಸಾಬರು ನೋಡಿ ಹೇಳುತ್ತಿದ್ದರು, ಮದುವೆ ಕಾರ್ಡುಗಳನ್ನು ಶಿಲ್ಪ ಓದುತ್ತಿದ್ದಳು, ಉಳಿದದ್ದಕ್ಕೆಲ್ಲ ದನಿ ಇತ್ತು. ಇದನ್ನು ವನಿತಾ ಗಮನಿಸಿದ್ದಾಳೆಯೆ, ಗಮನಿಸಿ ನೊಂದಿದ್ದಾಳೆಯೆ ಎಂದು ಅವನು ಯೋಚಿಸಿದ್ದುಂಟು. ನೊಂದುಕೊಳ್ಳಲಿ ಎಂದೂ ಅಂದುಕೊಂಡದ್ದುಂಟು. ಈಗ ಅದೇ ಹೆಂಗಸನ್ನು, ಅವಳ ಬೆನ್ನ ಹಿಂದೆ ಓದುವ ದಾರಿ ಮಾಡಿಕೊಡು ಬಾ ಎಂದು ಕರೆಯಬೇಕು. ತನ್ನ ಸಣ್ಣತನ ಅವನಿಗೆ ಕಾಣದೆ ಇರಲಿಲ್ಲ. ಆದರೂ ಕರೆದ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಜೊತೆಗೆ ಕೊತ್ತಂಬರಿ ಸೊಪ್ಪಿನ ವಾಸನೆ. ಪರದೆಯ ಮೇಲಿರುವುದನ್ನು ಸ್ವಲ್ಪ ಓದಬೇಕು ಎಂದ.

"ನಾನಾ?" ಎಂದಳು ವನಿತಾ. ಆಮೇಲೆ, "ಒಂದ್ ನಿಮಿಷ ಇರಿ," ಎಂದು ಒಳಗೆ ಹೋದಳು. ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಾಗ ಒಂದು ಡಬ್ಬಿಯ ಮುಚ್ಚಳ ಟಕ್ ಎಂದಿತು.

"ಏನದು?"

"ಕನ್ನಡಕ. ಹತ್ರದ್ದು ಕಾಣ್ಸಲ್ವಲ್ಲ."

"ಯಾವಾಗ ತಗೊಂಡೆ?"

"ಎರಡ್ ವರ್ಷ ಆಯ್ತಲ್ರೀ. ಹೇಳಿದ್ದೆ ಅನ್ಸತ್ತೆ."

ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ, ಸಾಸಿವೆ ಸಿಡಿಯುವ ಸದ್ದಿನೊಳಗೆ ಅವನಿಗೆ ಕೇಳಿಸಿರಲಿಲ್ಲ. ಎರಡು ವರ್ಷದಿಂದ ಹೆಂಡತಿಯ ಮುಖದ ಮೇಲೆ ಕನ್ನಡಕವಿರುವುದು ಲಾಲ್ ಸಾಬರಿಗೆ ಗೊತ್ತು, ಎದುರು ಮನೆಯವರಿಗೆ ಗೊತ್ತು. ಅವನು ಗಂಟಲು ಸರಿಮಾಡಿಕೊಂಡು, ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸಿಕೊಡು ಎಂದು ಕಂಪೈಲರಿಗೆ ಹೇಳುವ ನಾಲ್ಕಕ್ಷರದ ಆಜ್ಞೆಯನ್ನು ಹೊಡೆದ. ಎರಡು ಉಸಿರಿನ ಹೊತ್ತು ಏನೂ ಇಲ್ಲ.

"ಬಂತು," ಎಂದಳು ವನಿತಾ. "ಎಲ್ಲಾ ಇಂಗ್ಲೀಷು ಕಣ್ರೀ. ಕೆಂಪಕ್ಷರದಲ್ಲಿ ಎರರ್ ಅಂತಿದೆ."

"ಅದರ ಪಕ್ಕದಲ್ಲಿ? ಒಂದೊಂದೇ ಅಕ್ಷರ ಹೇಳು."

"ಐ, ಓ, ಎಸ್, ಟಿ, ಆರ್, ಇ, ಎ, ಎಂ. ಚುಕ್ಕಿ. ಎಚ್. ಆಮೇಲೆ ನೋ ಸಚ್ ಫೈಲ್."

ಯೋಗಾನಂದನಿಗೆ ಸಮಾಧಾನವಾಯಿತು. ಇದು ಗೊತ್ತಿದ್ದ ತೊಂದರೆ. ಆ ಕಾಲದಲ್ಲಿ ಆ ಕಡತದ ಹೆಸರಿನ ಕೊನೆಗೆ ಒಂದು ಬಾಲವಿತ್ತು, ಎಲ್ಲರೂ ಬಾಲ ಸೇರಿಸಿಯೇ ಕರೆಯುತ್ತಿದ್ದರು. ಈಗಿನ ಕಂಪೈಲರಿಗೆ ಬಾಲವಿಲ್ಲದ ಹೆಸರು ಮಾತ್ರ ಗೊತ್ತು. ಬಾಲ ಇರುವಲ್ಲೆಲ್ಲ ಕತ್ತರಿಸುವಂತೆ ಒಂದು ಸಾಲು ಬರೆದು ಮತ್ತೆ ಓಡಿಸಿದ. ಮತ್ತೊಂದು ತಪ್ಪು ಬಂತು, ವನಿತಾ ಓದಿದಳು, ಅವನು ತಿದ್ದಿದ. ಮತ್ತೊಂದು ಬಂತು. ಹಳೆಯ ಕಂಪೈಲರು ಮನೆಯ ಹಿರಿಯರ ಹಾಗೆ, ಹುಡುಗರು ಏನು ಬರೆದರೂ ಹೋಗಲಿ ಬಿಡು ಎಂದು ನುಂಗಿಕೊಂಡು ಹೋಗಿತ್ತು. ಹೊಸದು ಪ್ರತಿಯೊಂದನ್ನೂ ಎತ್ತಿ ತೋರಿಸುತ್ತಿತ್ತು. ಹನ್ನೊಂದೂವರೆಯ ಹೊತ್ತಿಗೆ ಇಬ್ಬರಿಗೂ ಒಂದು ಲಯ ಸಿಕ್ಕಿತು. ಅವಳ ಉಸಿರು ಅವನ ಎಡ ಭುಜಕ್ಕೆ ತಾಗುತ್ತಿತ್ತು.

ಹೀಗೆಯೇ ತಾಗುತ್ತಿತ್ತು, ಮದುವೆಯಾದ ಹೊಸತರಲ್ಲಿ, ಇದೇ ಮನೆಯ ಬಾಲ್ಕನಿಯಲ್ಲಿ. 2003. ಸಂಜೆ ಅವನು ಕಚೇರಿಯಿಂದ ಬಂದು ಕಾಫಿ ಕುಡಿದ ಮೇಲೆ ಅವಳು ಪೇಪರು ಬಿಚ್ಚುತ್ತಿದ್ದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಟೆಂಡರು, ಶ್ರದ್ಧಾಂಜಲಿ, ವರ ಬೇಕಾಗಿದ್ದಾನೆ ಎಲ್ಲವನ್ನೂ. ವನಿತಾ ಹೊರಗಿನವಳಲ್ಲ, ಅವನ ಸೋದರತ್ತೆ ಮುನಿಗಂಗಮ್ಮನ ಮಗಳು. ಹೆಣ್ಣು ಮನೆಯಾಚೆ ಹೋಗಬಾರದು ಎಂಬ ಮಾತು ಆ ಮನೆತನದಲ್ಲಿ ಎಷ್ಟು ಹಳೆಯದೆಂದರೆ, ಯೋಗಾನಂದನ ತಾಯಿಯೂ ತನ್ನ ಸ್ವಂತ ಸೋದರಮಾವನನ್ನೇ ಮದುವೆಯಾದವಳು. ಕಣ್ಣಿಲ್ಲದ ಹುಡುಗನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂಬ ಪ್ರಶ್ನೆ ಏಳುವ ಮುಂಚೆಯೇ ಅತ್ತೆ ಮಗಳನ್ನು ಕೊಟ್ಟಳು. ಚಿಕ್ಕಂದಿನಲ್ಲಿ ಬಾವ, ಬಾವ ಎಂದು ಕೈಹಿಡಿದು ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದವಳು, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದವಳು, ಹೆಂಡತಿಯಾಗಿ ಬಂದಳು. ಅವಳನ್ನು ಯಾರಾದರೂ ಕೇಳಿದ್ದರೋ ಇಲ್ಲವೋ. ಅವನಂತೂ ಕೇಳಿರಲಿಲ್ಲ.

ಮದುವೆಯಾಗಿ ವರ್ಷ ಕಳೆದರೂ ಮಕ್ಕಳಾಗುವುದನ್ನು ಅವನು ಮುಂದೂಡುತ್ತಲೇ ಇದ್ದ. ಒಂದು ಸಲ ಕಣ್ಣಿನ ಆಸ್ಪತ್ರೆಯಲ್ಲಿ ಕೇಳಿಬಿಡೋಣ, ಆಮೇಲೆ ಎಂದಿದ್ದ. ಊರಿನವರೆಲ್ಲ ದಡಾರ ಬಂದು ಕಣ್ಣು ಹೋಯಿತೆಂದೇ ನಂಬಿದ್ದರು, ಅವನೂ ಮುಕ್ಕಾಲು ನಂಬಿದ್ದ. ದೊಡ್ಡ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮನೆತನದ ಬಗ್ಗೆ ವಿಚಾರಿಸಿ, ವರದಿ ಬರೆದುಕೊಡುತ್ತೇನೆ ಎಂದರು. ವಾರದ ಮೇಲೆ ಕೌಂಟರಿನಲ್ಲಿ ಲಕೋಟೆ ಕೊಟ್ಟರು. ಎರಡು ಹಾಳೆ ಇಂಗ್ಲೀಷು. ಅರ್ಥವಾಗದಿದ್ದರೂ ಅವಳು ಇಂಗ್ಲೀಷನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು, ಬಿ.ಎ. ಓದಿದ ಅವನು ಅರ್ಥ ಮಾಡಿಕೊಳ್ಳುತ್ತಿದ್ದ. ಮೊದಲ ಹಾಳೆ ಚೆನ್ನಾಗಿಯೇ ಹೋಯಿತು. ಸದ್ಯಕ್ಕೆ ಚಿಕಿತ್ಸೆ ಇಲ್ಲ ಎಂಬುದನ್ನು ಅವನು ಮೊದಲೇ ಬಲ್ಲ. ಎರಡನೆಯ ಹಾಳೆಯಲ್ಲಿ ಅವಳು ಒಂದು ಕಡೆ ನಿಂತಳು. ಉಗುಳು ನುಂಗಿದಳು. ಬಳೆಗಳು ಮೊಣಕೈ ಕಡೆ ಜಾರಿದವು. ಆಮೇಲೆ, ಥ್ಯಾಂಕಿಂಗ್ ಯೂ ಎಂದು ಓದಿ ಹಾಳೆ ಮಡಿಸಿದಳು. ಅಷ್ಟೇನಾ ಎಂದು ಕೇಳಿದ. ಅಷ್ಟೆ ಎಂದಳು. ಅವನಿಗೆ ಆ ಸಂಜೆ ಆದ ಸಂತೋಷ ಈಗಲೂ ನೆನಪಿದೆ, ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ನಾಲ್ಕು ತಿಂಗಳ ಮೇಲೆ, ಅಂಗವಿಕಲರ ಪ್ರಮಾಣಪತ್ರ ನವೀಕರಿಸಲು ಆ ವರದಿ ಬೇಕಾಯಿತು. ಕಚೇರಿಯಲ್ಲಿ ಜಯಂತ್ ಅದನ್ನು ಓದಿದ. ಇದು ವಂಶದಿಂದ ಬರುವ ಕಾಯಿಲೆ. ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳು, ಹೆಂಡತಿಯೂ ಹತ್ತಿರದವಳು, ಆದ್ದರಿಂದ ಮಕ್ಕಳಿಗೂ ಬರುವ ಸಂಭವ ಗಣನೀಯ. ದಂಪತಿಗಳು ಮೊದಲು ಸಲಹೆ ಪಡೆಯಬೇಕು, ಮಕ್ಕಳಾದರೆ ಅವರ ಕಣ್ಣನ್ನು ವರ್ಷವರ್ಷವೂ ಪರೀಕ್ಷಿಸಬೇಕು. ಜಯಂತ್ ಓದುವುದನ್ನು ನಿಲ್ಲಿಸಿ, "ನಿಂಗೆ ಇದು ಗೊತ್ತಿತ್ತಲ್ವಾ?" ಎಂದ. ಗೊತ್ತಿತ್ತು ಎಂದ ಯೋಗಾನಂದ. ವನಿತಾಗೆ ಆಗ ಮೂರು ತಿಂಗಳು. ಸಂಜೆ ಮನೆಗೆ ಹೋದಾಗ ಅವಳು ಮಾವಿನಕಾಯಿ ಹೆಚ್ಚುತ್ತಿದ್ದಳು, ಹಾಡು ಗುನುಗುತ್ತಿದ್ದಳು. ಮಗು ಬೇಕೆಂಬ ಆಸೆಗೆ ನಾಲ್ಕು ಸಾಲು ಹಾರಿಸಿದವಳು, ಕುರುಡನಿಗೆ ಏನು ಗೊತ್ತಾಗುತ್ತದೆ ಎಂದು ಹಾರಿಸಿದವಳು, ಎಂದು ಅವನು ಬಾಗಿಲಲ್ಲಿ ನಿಂತು ಅಂದುಕೊಂಡ. ಅವಳೇ ಹೇಳಲಿ ಎಂದು ಕಾದ. ಮಗು ಹುಟ್ಟಿತು, ದೀಪದ ಕಡೆ ತಿರುಗಿ ನಗುತ್ತದೆ ಎಂದರು. ಆ ವರ್ಷವೇ ಕಂಪ್ಯೂಟರು ಕೊಂಡ. ವರ್ಷವರ್ಷ ಪರೀಕ್ಷೆಗೆ ಒಯ್ಯಬೇಕಾದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವಳು ಹೇಳುವವರೆಗೆ ತಾನೂ ಹೇಳುವುದಿಲ್ಲ ಎಂದು ಕೂತ. ಶಾಲೆಯಲ್ಲಿ ಗೋಡೆಗೆ ಪಟ ಹಾಕಿ ಅಕ್ಷರ ಓದಿಸಿದ್ದೇ ಶಿಲ್ಪಳಿಗೆ ಆಗಿರುವ ಕಣ್ಣಿನ ಪರೀಕ್ಷೆ.

"ಇದೇನ್ರೀ, ಇಷ್ಟೊಂದ್ ಬರ್ತಿದೆ," ಎಂದಳು ವನಿತಾ. "ನಿಲ್ತಾನೇ ಇಲ್ಲ. ಎಲ್ಲಾ ವಾರ್ನಿಂಗು."

"ವಾರ್ನಿಂಗ್ ಆದ್ರೆ ಪರ್ವಾಗಿಲ್ಲ, ಅದು ಬರೀ ಎಚ್ಚರಿಕೆ. ಒಂದನ್ನ ಓದು, ಸಾಕು."

"ವಾರ್ನಿಂಗ್," ಎಂದು ಶುರುಮಾಡಿದಳು. ನಿಂತಳು. ಉಗುಳು ನುಂಗಿದಳು. ಬಳೆಗಳು ಜಾರಿದವು. "ಕನ್ವರ್ಷನ್ ಫ್ರಮ್ ಸ್ಟ್ರಿಂಗ್."

ಹನ್ನೆರಡು ವರ್ಷ ಅವನು ಆ ಮೂರು ಸದ್ದುಗಳನ್ನು ಎಷ್ಟು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದನೆಂದರೆ, ನಿದ್ದೆಯಲ್ಲೂ ಗುರುತು ಹಿಡಿಯಬಲ್ಲವನಾಗಿದ್ದ. ಆ ಎಚ್ಚರಿಕೆಯ ಸಾಲು ಅವನಿಗೆ ಬಾಯಿಪಾಠ, ನಡುವೆ ಒಂದು ಪದ ಇರಲೇಬೇಕು.

"ಬಿಟ್ಟೆ," ಎಂದ. ದನಿ ತಾನಂದುಕೊಂಡದ್ದಕ್ಕಿಂತ ಒರಟಾಗಿತ್ತು. "ನಡುವೆ ಒಂದು ಬಿಟ್ಟೆ ನೀನು."

ಕೆಳಗೆ ಹೊಲಿಗೆ ಯಂತ್ರ ಒಂದು ಸುತ್ತು ಓಡಿ ನಿಂತಿತು.

"ಯಾಕೆ ಬಿಟ್ಟೆ?"

"ಬರಲ್ಲ ಕಣ್ರೀ," ಎಂದಳು. "ಡಿ, ಇ, ಪಿ, ಆರ್ ಅಂತ ಉದ್ದುಕ್ಕೆ ಹೋಗತ್ತೆ. ಎಂಗ್ ಅನ್ಬೇಕೋ ಗೊತ್ತಾಗ್ಲಿಲ್ಲ. ಮುಂಚಿಂದಾನೂ ಅಂಗೇ ಅಲ್ವಾ, ಬರ್ದೇ ಇರೋದು ಸಿಕ್ಕಿದ್ರೆ ಅತ್ಲಾಗೆ ದಾಟ್ಬಿಡ್ತಿದ್ದೆ." ಅವಳು ಸಣ್ಣಗೆ ನಕ್ಕಳು. "ಪೇಪರಲ್ಲೂ ಎಷ್ಟ್ ದಾಟಿದೀನೋ. ನಿಮಗೆ ಗೊತ್ತಾಗ್ತಿತ್ತು ಅಂದ್ಕೊಂಡಿದ್ದೆ. ಅದಕ್ಕೇ ಕಂಪ್ಯೂಟರ್ ತಂದ್ರಿ ಅಂದ್ಕೊಂಡೆ."

ಸಿಟ್ಟಿಗೆದ್ದಾಗ ಅಥವಾ ನಾಚಿಕೊಂಡಾಗ ಮಾತ್ರ ಅವಳ ಬಾಯಿಗೆ ಯಲಹಂಕದ ಮಾತು ಬರುತ್ತಿತ್ತು. ಈಗ ಅವಳು ನಾಚಿಕೊಂಡಿದ್ದಳು. ಮುಂದೆ ಓದು ಎಂದ ಅವನು. ಅವಳು ಈ ಸಲ ಆ ಪದವನ್ನು ಅಕ್ಷರ ಅಕ್ಷರವಾಗಿ ಹೇಳಿದಳು, ಶಾಲೆಯಲ್ಲಿ ಎದ್ದುನಿಂತು ಹೇಳುವವರ ಹಾಗೆ. ಅವನ ಬೆರಳುಗಳು ಟೈಪು ಮಾಡುತ್ತಿದ್ದವು, ತಲೆ ಬಾಲ್ಕನಿಯಲ್ಲಿತ್ತು. ಎರಡನೆಯ ಹಾಳೆಯಲ್ಲಿ ಇದ್ದ ಪದಗಳು ಯಾವುವು? ಜಯಂತನೇ ರಕ್ತಸಂಬಂಧದ ಆ ಪದವನ್ನು ಎರಡು ಸಲ ಮುಗ್ಗರಿಸಿ ಮೂರನೆಯ ಸಲಕ್ಕೆ ಅಂದಿದ್ದ. ಯಲಹಂಕದ ಸರಕಾರಿ ಶಾಲೆಯ ಎಸ್ಸೆಸ್ಸೆಲ್ಸಿಗೆ ಅದು ಹೇಗೆ ಬಂದೀತು? ಅವಳು ಸಾಲಿನ ಅರ್ಥ ತಿಳಿದು ಹಾರಿಸಿದಳೆಂದು ಅವನು ತೀರ್ಮಾನಿಸಿದ್ದ. ಅರ್ಥ ಗೊತ್ತಾಗುವಷ್ಟು ಇಂಗ್ಲೀಷು ಅವಳಿಗೆ ಇರಲಿಲ್ಲವೆಂಬುದು ಅವನಿಗೆ ಅವತ್ತೂ ಗೊತ್ತಿತ್ತು. ಗೊತ್ತಿದ್ದದ್ದನ್ನು ತನ್ನ ಸಿಟ್ಟಿನ ಪಕ್ಕದಲ್ಲಿ ಒಂದು ದಿನವೂ ಇಟ್ಟು ನೋಡಲಿಲ್ಲ. ಹಾಗಾದರೆ ಅವಳು ಇಷ್ಟು ವರ್ಷ ಏನೂ ತಿಳಿಯದೆಯೇ ಇದ್ದಾಳೆ. ಮಾವಿನಕಾಯಿ ಹೆಚ್ಚುತ್ತ ಹಾಡಿದ್ದು ಬರೀ ಹಾಡು. ಹೀಗಲ್ಲದೆಯೂ ಇರಬಹುದು, ಈಗ ಸುಳ್ಳು ಹೇಳುತ್ತಿರಬಹುದು ಎಂದು ಒಂದು ಗಳಿಗೆ ಆಸೆಯಿಂದ ಯೋಚಿಸಿದ. ಹೆಂಡತಿ ಮೋಸಗಾರ್ತಿಯಾಗಿದ್ದರೆ ಚೆನ್ನಾಗಿತ್ತೆಂದು ಆಸೆಪಡುವ ಸ್ಥಿತಿಗೆ ಬಂದಿದ್ದ.

ಊಟಕ್ಕೆ ಎದ್ದರು. ಶಿಲ್ಪ ಎರಡು ತುತ್ತು ತಿಂದು, ಎದುರು ಮನೆಯ ಹುಡುಗಿಯ ಜೊತೆ ಆಡಲು ತಾರಸಿಗೆ ಓಡಿದಳು. ಮತ್ತೆ ಬಂದು ಕೂತರು. ಮೂಲದ ಎಲ್ಲ ಕಡತಗಳೂ ತಿರುಗಿದವು, ಆದರೆ ಎಲ್ಲವನ್ನೂ ಒಟ್ಟು ಜೋಡಿಸುವಾಗ ದನಿಗೆ ಬೇಕಾದ ಲೈಬ್ರರಿ ಎಂಬ ಇನ್ನೊಂದು ಹಳೆಯ ಪ್ರೋಗ್ರಾಮಿನ ಕಟ್ಟು ಇಲ್ಲವೆಂದು ನಿಂತಿತು. ಅದೂ ಸಿ.ಡಿ.ಯಲ್ಲಿತ್ತು. ಅದನ್ನು ಮೊದಲು ತಿರುಗಿಸಬೇಕಾಯಿತು, ಅದರ ತಪ್ಪುಗಳನ್ನೂ ವನಿತಾ ಒಂದೊಂದಾಗಿ ಓದಿದಳು. ಕೊನೆಗೆ ಎಲ್ಲ ಜೋಡಿಸಿಕೊಂಡು ಪ್ರೋಗ್ರಾಮು ಎದ್ದಾಗ ಶಬ್ದವಿಲ್ಲ. ಹಳೆಯ ದನಿ ಶಬ್ದವನ್ನು ಹೊರಗೆ ಬಿಡಲು ಹುಡುಕುತ್ತಿದ್ದ ಬಾಗಿಲನ್ನೇ ಈಗಿನ ಯಂತ್ರದಲ್ಲಿ ತೆಗೆದುಹಾಕಿದ್ದರು. ಆ ಬಾಗಿಲು ಇದ್ದಂತೆ ನಟಿಸಿ ಶಬ್ದವನ್ನು ಹೊಸ ಬಾಗಿಲಿಗೆ ದಾಟಿಸುವ ಚಿಕ್ಕ ಉಪಾಯವೊಂದು ಅವನಿಗೆ ಗೊತ್ತಿತ್ತು. ಮೂರೂವರೆ ಗಂಟೆಗೆ ಸ್ಪೀಕರು ಒಮ್ಮೆ ಕರಕರ ಎಂದಿತು. ಮೂಗಿನಿಂದ ಮಾತಾಡುವ ಗಂಡಸು ಪರದೆಯ ಮೇಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಓದಲು ಶುರುಮಾಡಿದ.

"ಬಂತಲ್ಲ," ಎಂದಳು ವನಿತಾ. ಅವಳ ದನಿಯಲ್ಲಿ ಅವನು ನಿರೀಕ್ಷಿಸದಿದ್ದ ಖುಷಿ ಇತ್ತು. ಹೆಮ್ಮೆಯೇ ಇರಬೇಕು. "ನಾನ್ ಓದಿದ್ದು ಸರಿ ಇತ್ತು ಅಂತಾಯ್ತು." ಕನ್ನಡಕದ ಡಬ್ಬಿಯ ಮುಚ್ಚಳ ಹಾಕಿ ಏಳಹೊರಟಳು. ಇನ್ನು ಅವನಿಗೆ ಅವಳು ಬೇಕಾಗಿರಲಿಲ್ಲ. ಅವಳು ಅಡುಗೆಮನೆಗೆ ಹೋಗುತ್ತಾಳೆ, ಅವನು ಆ ಕಾಯಿಲೆಯ ಹೆಸರನ್ನು ಟೈಪು ಮಾಡುತ್ತಾನೆ. ಬೆಳಗಿನಿಂದ ಬಯಸಿದ್ದು ಇದನ್ನೇ. ಯೋಗಾನಂದ ಕೈಚಾಚಿ ಸ್ಪೀಕರಿನ ಗುಂಡಿ ತಿರುಗಿಸಿ ಬಂದ್ ಮಾಡಿದ.

"ಕೂತ್ಕೋ," ಎಂದ. "ಶಿಲ್ಪ ಹುಟ್ಟೋಕ್ ಮುಂಚೆ ಕಣ್ಣಿನಾಸ್ಪತ್ರೆಯಿಂದ ಒಂದು ಕಾಗದ ಬಂದಿತ್ತು. ನೆನಪಿದೆಯಾ?"

"ನೆನಪಿಲ್ದೆ ಏನು. ಎರಡನೇ ಹಾಳೇಲಿ ನನಗೆ ಬೆವರೇ ಇಳ್ದಿತ್ತು. ಒಂದ್ ನಾಲ್ಕ್ ಸಾಲು ತಲೆಬುಡ ಗೊತ್ತಾಗ್ಲಿಲ್ಲ, ಬಿಟ್ಬಿಟ್ಟೆ. ಅಷ್ಟೇನಾ ಅಂದ್ರಿ ನೀವು. ಹೊಸದಾಗ್ ಮದ್ವೆ ಆಗಿರೋ ಗಂಡ, ಬೇಜಾನ್ ಓದಿರೋರು, ನನಗೆ ಓದೋಕ್ ಬರಲ್ಲ ಅಂತ ಎಂಗ್ ಹೇಳ್ಲಿ? ಅಷ್ಟೆ ಅಂದ್ಬಿಟ್ಟೆ." ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಯಾಕೆ? ಏನಿತ್ತು ಅದ್ರಲ್ಲಿ?"

ಏನಿಲ್ಲ, ಯಾವುದೋ ಔಷಧಿ ಹೆಸರು, ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದು ಎಷ್ಟು ಸುಲಭವಾಗಿ ಬಂದಿತೆಂದರೆ ಅವನಿಗೇ ಭಯವಾಯಿತು. ಅದನ್ನು ನುಂಗಿ, ನಿಧಾನವಾಗಿ, ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಹೇಳಿದ. ವಂಶ, ರಕ್ತಸಂಬಂಧ, ಮಕ್ಕಳಿಗೆ ಬರುವ ಸಂಭವ, ವರ್ಷವರ್ಷದ ಪರೀಕ್ಷೆ. ಆಮೇಲೆ ಗುರುವಾರದ ಸಂಜೆಯನ್ನೂ ಹೇಳಿದ. ಅವಳು ಅಳುತ್ತಾಳೆಂದು ಕಾದ, ಅಳಲಿಲ್ಲ.

"ನಿಮಗೆ ಯಾವಾಗ್ ಗೊತ್ತಾಯ್ತು ಇದು?"

"ನಿನಗಾಗ ಮೂರು ತಿಂಗಳು. ಜಯಂತ್ ಓದಿದ. ನೀನು ಬೇಕಂತ ಬಿಟ್ಟೆ ಅಂದ್ಕೊಂಡೆ, ಮಗು ಬೇಕು ಅಂತ. ನೀನೇ ಹೇಳ್ತೀಯ ಅಂತ ಕಾದೆ."

"ವರ್ಷವರ್ಷ ತೋರಿಸ್ಬೇಕು ಅಂತ ಅದರಲ್ಲೇ ಬರ್ದಿತ್ತಾ?"

"ಬರ್ದಿತ್ತು."

ವನಿತಾ ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ತಾರಸಿಯ ಮೇಲೆ ಮಕ್ಕಳು ಧಡಧಡ ಓಡಾಡುತ್ತಿದ್ದರು. ಅವಳು ಮಾತಾಡಿದಾಗ ದನಿ ಏರಿರಲಿಲ್ಲ, ಕೆಂಪಕ್ಷರದಲ್ಲಿ ಎರರ್ ಎಂದಿದೆ ಎಂದು ಓದಿದ ದನಿಯೇ ಅದು.

"ನಾನು ಓದೋಕ್ ಬರ್ದೆ ಬಿಟ್ಟೆ," ಎಂದಳು. "ನೀವು ಓದ್ಸಿ, ಅರ್ಥ ಮಾಡ್ಕೊಂಡು ಬಿಟ್ರಿ."

ವನಿತಾ ಎದ್ದಳು. ಬಾಗಿಲಿಗೆ ಹೋಗಿ ಮೇಲಕ್ಕೆ ಕೂಗಿದಳು, "ಶಿಲ್ಪಾ, ಬಟ್ಟೆ ಬದ್ಲಾಯ್ಸು ಬಾ, ಆಸ್ಪತ್ರೆಗೆ ಹೋಗ್ಬೇಕು."

"ಇವತ್ತು ಭಾನುವಾರ ಕಣೇ," ಎಂದ ಯೋಗಾನಂದ. "ದೊಡ್ಡ ಡಾಕ್ಟರು ಇರಲ್ಲ."

"ಯಾರಾದ್ರೂ ಒಬ್ರು ಇರ್ತಾರೆ. ಇಲ್ದಿದ್ರೆ ಬೆಳಿಗ್ಗೆ ತನಕ ಬಾಗ್ಲಲ್ಲೇ ಕೂತಿರ್ತೀನಿ."

ಬೀರು ತೆಗೆದ ಸದ್ದು, ಸೀರೆಯ ಮಡಿಕೆ ಕೊಡವಿದ ಸದ್ದು. ಅವನು ಎದ್ದು ನಿಂತ, ಎತ್ತ ಹೋಗಬೇಕೆಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡ. ತಾನೇ ಹುಟ್ಟಿಸಿದ ಮಗಳ ವಿಷಯದಲ್ಲಿ, ಹೊರಗಿನವರ ಹಾಗೆ, ಅವನು ಕೇಳಬೇಕಾಯಿತು. "ನಾನೂ ಬರ್ಲಾ?"

ಬೀರುವಿನ ಬಾಗಿಲು ಮುಚ್ಚಿತು. ಅವಳು ಹತ್ತಿರ ಬಂದಳು, ಆದರೆ ಯಾವಾಗಲೂ ಹೊರಡುವಾಗ ಹಿಡಿಯುವಂತೆ ಅವನ ಕೈ ಹಿಡಿಯಲಿಲ್ಲ.

"ಬನ್ನಿ," ಎಂದಳು. "ಅವ್ರು ಇಂಗ್ಲೀಷಲ್ಲೇ ಹೇಳ್ತಾರೆ. ಒಂದ್ ಮಾತೂ ಬಿಡ್ದೆ ನನಗೆ ಹೇಳ್ಬೇಕು ನೀವು."